ಹ್ಯಾಚ್‌ಬ್ಯಾಕ್ ಡಿಕ್ಕಿಗೆ ಯಾವ ಸಬ್‌ವೂಫರ್ ಬಾಕ್ಸ್? ತೆಂಗಿನಕಾಯಿ ಚೀಲವನ್ನೂ ಲೆಕ್ಕಕ್ಕೆ ತಗೊಂಡು ನೋಡೋಣ

ಸಬ್‌ವೂಫರ್, ಅಂದರೆ ಹಾಡಿನ ಬೇಸ್‌ಗೆ (ತಗ್ಗಿನ ಶಬ್ದಕ್ಕೆ) ಅಂತಲೇ ಇರುವ ದೊಡ್ಡ ಸ್ಪೀಕರ್, ಹಾಕಿಸೋಣ ಅಂತ ಹೊರಟವರು ಮೊದಲು ಕೇಳುವುದು ‘10 ಇಂಚಾ, 12 ಇಂಚಾ?’ ಅಂತ. ಕೆಲವು ವರ್ಷದ ಹಿಂದೆ ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ನನ್ನ ಹತ್ರ ಬಂದರೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ: ಹಬ್ಬಕ್ಕೆ ಊರಿಗೆ ಹೋಗಿ ಬರುವಾಗ ನಿಮ್ಮ ಡಿಕ್ಕಿಯಲ್ಲಿ ಏನೇನು ಇರುತ್ತೆ?

ನನ್ನದು ಸ್ವಿಫ್ಟ್. ಮೊದಲ ಸಲ ಹಾಕಿಸಿದ್ದು ಅಂಗಡಿಯಲ್ಲಿ ರೆಡಿ ಇದ್ದ 12 ಇಂಚಿನ ಪೋರ್ಟೆಡ್ ಬಾಕ್ಸ್, ಅಂದರೆ ಗಾಳಿಗೆ ಒಂದು ಕೊಳವೆ ಬಿಟ್ಟಿರುವಂಥದ್ದು. ಅಂಗಡಿ ಮುಂದೆ ನಿಂತು ಕೇಳಿದಾಗ ಎದೆ ನಡುಗಿತು. ದುಡ್ಡು ಕೊಟ್ಟೆ, ಖುಷಿಯಾಗಿ ಮನೆಗೆ ಬಂದೆ. ಆಮೇಲೆ ಯುಗಾದಿಗೆ ಶಿರಸಿಗೆ ಹೋದೆವು. ಹೊರಡುವಾಗ ಅತ್ತೆ ಒಂದು ಚೀಲ ತೆಂಗಿನಕಾಯಿ, ಹಲಸಿನ ಹಪ್ಪಳದ ಡಬ್ಬ, ಒಂದು ಬಾಳೆಗೊನೆ ತಂದಿಟ್ಟರು. ನಾಲ್ಕು ಜನರ ಬಟ್ಟೆ ಬ್ಯಾಗು ಬೇರೆ. ಡಿಕ್ಕಿಯ ಮೂರನೇ ಒಂದು ಭಾಗವನ್ನು ಬಾಕ್ಸೇ ತಿಂದುಕೊಂಡು ಕೂತಿತ್ತು. ‘ಈ ಮರದ ಪೆಟ್ಟಿಗೆ ಇಲ್ಲೇ ಇಳಿಸಿ, ಮುಂದಿನ ಸಲ ಬಂದಾಗ ತಗೊಂಡು ಹೋದ್ರಾಯ್ತು’ ಅಂದರು. ಇಳಿಸಿದೆ. ಮುಂದಿನ ಸಲ ಹೋಗಿದ್ದು ಮಲೆನಾಡಿನ ಮಳೆಗಾಲ ಮುಗಿದ ಮೇಲೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಳ ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿಕೊಂಡಿತ್ತು.

ಅದಾದ ಮೇಲೆ ಒಂದಷ್ಟು ದಿನ ಸೀಟಿನ ಕೆಳಗಿಡುವ ಸಬ್ ಇಟ್ಟುಕೊಂಡಿದ್ದೆ. ಈಗ ಇರುವುದು ನಾನೇ ಅಳತೆ ಹಾಕಿ, ನಮ್ಮ ಬೀದಿಯ ಬಡಗಿ ಹತ್ರ ಹಲಗೆ ಕೊಯ್ಯಿಸಿ ಕಟ್ಟಿದ 10 ಇಂಚಿನ ಸೀಲ್ಡ್ (ಪೂರ್ತಿ ಮುಚ್ಚಿದ) ಬಾಕ್ಸ್. ನನ್ನ ಒಲವು ಯಾವ ಕಡೆ ಅಂತ ಈಗಲೇ ಗೊತ್ತಾಯ್ತಲ್ಲ.

ಜಾಗದ ಲೆಕ್ಕ ಮೊದಲು

ಕಂಪನಿ ಹೇಳುವ ಡಿಕ್ಕಿ ಅಳತೆ ಹೀಗಿದೆ. 2018ರಲ್ಲಿ ಬಂದ ಸ್ವಿಫ್ಟ್‌ಗೆ 268 ಲೀಟರ್, ಟಿಯಾಗೊಗೆ 242, 2020ರ ಐ20ಗೆ 311, ಆಲ್ಟ್ರೋಜ್‌ಗೆ 345. ಈಗ ಬಾಕ್ಸ್ ನೋಡಿ. 10 ಇಂಚಿನ ಸೀಲ್ಡ್ ಬಾಕ್ಸ್‌ಗೆ ಒಳಗೆ ಸಾಮಾನ್ಯವಾಗಿ 17ರಿಂದ 28 ಲೀಟರ್ ಗಾಳಿ ಸಾಕು. 12 ಇಂಚಿನ ಪೋರ್ಟೆಡ್‌ಗೆ 50ರಿಂದ 60 ಲೀಟರ್ ಬೇಕಾಗುತ್ತೆ. ಇದು ಒಳಗಿನ ಗಾಳಿಯ ಲೆಕ್ಕ ಮಾತ್ರ. ಹಲಗೆಯ ದಪ್ಪ, ಪೋರ್ಟ್ ತಿನ್ನುವ ಜಾಗ, ಊಫರ್‌ನ (ಬಾಕ್ಸಿನಲ್ಲಿ ಕೂರುವ ಸ್ಪೀಕರ್) ಮ್ಯಾಗ್ನೆಟ್ ತಿನ್ನುವ ಜಾಗ ಎಲ್ಲಾ ಸೇರಿದರೆ ಮೊದಲನೆಯದು ಡಿಕ್ಕಿಯಲ್ಲಿ 45 ಲೀಟರ್ ಹಿಡಿಯುತ್ತೆ, ಎರಡನೆಯದು 85–90. ಅಂಗಡಿಯವರು ಕ್ಯೂಬಿಕ್ ಫೀಟ್‌ನಲ್ಲಿ ಮಾತಾಡಿದರೆ 28.3ರಿಂದ ಗುಣಿಸಿ, ಲೀಟರ್ ಸಿಗುತ್ತೆ.

ಸಿಎನ್‌ಜಿ ಕಾರಾದರೆ ಹೋಲಿಕೆಯೇ ಬೇಡ. ಡಿಕ್ಕಿಯಲ್ಲಿ ದೊಡ್ಡ ಸಿಲಿಂಡರ್ ಇರುವವರಿಗೆ ಉಳಿಯುವುದು ಸೀಟಿನ ಕೆಳಗಿನ ಸಬ್ ಒಂದೇ. ಟಾಟಾದವರು 2023ರಿಂದ ಎರಡು ಚಿಕ್ಕ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದ ಅಡಿಗೆ ಹಾಕಿ ಮೇಲೆ ಜಾಗ ಬಿಡುತ್ತಿದ್ದಾರೆ. ಅಲ್ಲಿ ಬಾಕ್ಸ್ ಇಡಬಹುದು, ಆದರೆ ಆ ನೆಲಕ್ಕೆ ಒಂದೇ ಒಂದು ಸ್ಕ್ರೂ ಹೊಡೆಯಬಾರದು. ಫಿಟ್ಟಿಂಗ್ ಹುಡುಗನಿಗೆ ಇದನ್ನು ಎರಡು ಸಲ ಹೇಳಿ, ಪಕ್ಕದಲ್ಲೇ ನಿಂತಿರಿ.

ಸೀಟಿನ ಕೆಳಗಿನದು, ಟ್ಯೂಬು, ಸ್ಟೆಪ್ನಿ ಗುಂಡಿ

ಸೀಟಿನ ಕೆಳಗಿಡುವ ಸಬ್ ಅಂದರೆ 8 ಇಂಚಿನ ಊಫರ್, ಆಂಪ್ (ಶಬ್ದಕ್ಕೆ ಬಲ ಕೊಡುವ ಆಂಪ್ಲಿಫಯರ್) ಎರಡೂ ಒಂದೇ ಚಪ್ಪಟೆ ಡಬ್ಬದಲ್ಲಿ. ಎತ್ತರ 7–8 ಸೆಂಟಿಮೀಟರ್. ಡಿಕ್ಕಿ ಪೂರ್ತಿ ಉಳಿಯುತ್ತೆ, ವೈರಿಂಗ್ ಕಡಿಮೆ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ. ಹಾಡಿನಲ್ಲಿ ಬೇಸ್ ಗಿಟಾರ್ ಚೆನ್ನಾಗಿ ಕೇಳುತ್ತೆ. 40 ಹರ್ಟ್ಸ್‌ನ ಕೆಳಗೆ (ಹರ್ಟ್ಸ್ ಕಡಿಮೆಯಾದಷ್ಟೂ ಶಬ್ದ ತಗ್ಗಿನದು) ಹೆಚ್ಚೇನೂ ಬರಲ್ಲ. ಅಷ್ಟು ಚಿಕ್ಕ ಡಬ್ಬದಲ್ಲಿ ಬರುವುದಕ್ಕೆ ಸಾಧ್ಯವೂ ಇಲ್ಲ. ನಿಮಗೆ ‘ಕಂಪನಿ ಸ್ಪೀಕರ್ ತೀರಾ ತೆಳು’ ಅನ್ನುವುದಷ್ಟೇ ದೂರಾದರೆ ಇದನ್ನೇ ತಗೊಳ್ಳಿ, ಮುಂದೆ ಓದುವುದೂ ಬೇಡ. ಒಂದೇ ಮಾತು: ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ, ಪೂರ್ತಿ ಕೆಳಗೆ ಮಾಡಿ ಜಾಗ ಅಳೆಯಿರಿ. ನಾನು ಒಂದೇ ಸ್ಥಾನದಲ್ಲಿ ಅಳೆದು ತಂದೆ. ಹಿಂದೆ ಕೂತವರ ಕಾಲು ತಾಗಿ ವೈರ್ ಕಿತ್ತುಬಂತು. ಮಳೆಯಲ್ಲಿ ಒದ್ದೆ ಚಪ್ಪಲಿಯ ನೀರೂ ಅಲ್ಲಿಗೇ ಇಳಿಯುತ್ತೆ.

ಬೇಸ್ ಟ್ಯೂಬ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಎತ್ತಿಡುವುದು ಸುಲಭ. ಹೆಚ್ಚಿನವು ಪೋರ್ಟೆಡ್ಡೇ. ದುಂಡಗಿರುವುದರಿಂದ ಅದರ ಅಕ್ಕಪಕ್ಕದ ಜಾಗ ಯಾವುದಕ್ಕೂ ಆಗಲ್ಲ.

ಸ್ಟೆಪ್ನಿ ಗುಂಡಿಯಲ್ಲಿ ಕೂರಿಸುವ ಸಬ್ ನೋಡಲು ಚೆಂದ, ಡಿಕ್ಕಿ ಮುಟ್ಟುವುದೇ ಇಲ್ಲ. ಕೆಲವು ಸಬ್‌ಗಳು ಸ್ಟೆಪ್ನಿಯ ರಿಮ್ಮಿನ ಒಳಗೇ ಕೂರುತ್ತವೆ, ಅವು ಪರವಾಗಿಲ್ಲ. ಸ್ಟೆಪ್ನಿಯನ್ನೇ ತೆಗೆದುಹಾಕಿ ಬಾಕ್ಸ್ ಮಾಡಿಸುವವರೂ ಇದ್ದಾರೆ. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಹನ್ನೊಂದಕ್ಕೆ ಟೈರ್ ಪಂಕ್ಚರ್ ಆದಾಗ ಆ ಬೇಸ್ ಯಾವ ಉಪಕಾರಕ್ಕೆ ಬರುತ್ತೆ ಹೇಳಿ.

ಅಸಲಿ ಜಗಳ: ಸೀಲ್ಡಾ, ಪೋರ್ಟೆಡ್ಡಾ

ಸೀಲ್ಡ್ ಅಂದರೆ ಗಾಳಿ ಆಡದ ಹಾಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಒಳಗಿನ ಗಾಳಿಯೇ ಸ್ಪ್ರಿಂಗ್ ಹಾಗೆ ಊಫರ್‌ನ ಅದುರುವ ಮುಖವನ್ನು, ಅಂದರೆ ಕೋನ್ ಅನ್ನು, ಹಿಡಿದಿಡುತ್ತೆ. ಪೋರ್ಟೆಡ್ ಪೆಟ್ಟಿಗೆಯಲ್ಲಿ ಒಂದು ಕೊಳವೆ ಅಥವಾ ಸಂದು ಇರುತ್ತೆ. ಖಾಲಿ ಬಾಟಲಿ ಬಾಯಿಗೆ ಊದಿದರೆ ‘ಹೂಂ’ ಅನ್ನುತ್ತಲ್ಲ, ಅದೇ ಕೆಲಸ. ಕೋನ್‌ನ ಹಿಂಭಾಗದ ಶಬ್ದವೂ ಒಂದು ನಿರ್ದಿಷ್ಟ ಹರ್ಟ್ಸ್‌ನ (ಇದೇ ಬಾಕ್ಸಿನ ಟ್ಯೂನಿಂಗ್) ಆಸುಪಾಸಿನಲ್ಲಿ ಹೊರಗೆ ಬಂದು ಜೊತೆಗೂಡುತ್ತೆ. ಹಾಗಾಗಿ ಅಷ್ಟೇ ವಾಟ್ಸ್‌ಗೆ ಜಾಸ್ತಿ ಶಬ್ದ. ಇದರಲ್ಲಿ ಮೋಸ ಏನಿಲ್ಲ. ಶಬ್ದವೇ ಮುಖ್ಯ ಅನ್ನುವವರಿಗೆ ಪೋರ್ಟೆಡ್ಡೇ ಸರಿ.

ಹ್ಯಾಚ್‌ಬ್ಯಾಕ್‌ನಲ್ಲಿ ಲೆಕ್ಕ ಸ್ವಲ್ಪ ತಿರುಗುವುದು ಇಲ್ಲಿ. 60 ಹರ್ಟ್ಸ್ ಶಬ್ದದ ಒಂದು ಅಲೆ ಸುಮಾರು 5.7 ಮೀಟರ್ ಉದ್ದ. ಅದರ ಅರ್ಧ ಅಂದರೆ ಹೆಚ್ಚುಕಡಿಮೆ ನಮ್ಮ ಕಾರಿನ ಒಳಗಿನ ಉದ್ದ, ಡ್ಯಾಶ್‌ಬೋರ್ಡಿನಿಂದ ಹಿಂದಿನ ಬಾಗಿಲ ತನಕ. ಇದಕ್ಕಿಂತ ತಗ್ಗಿನ ಶಬ್ದಕ್ಕೆ ಕಾರೊಳಗೆ ಅಲೆಯಾಗಿ ಓಡಾಡಲು ಜಾಗವೇ ಇಲ್ಲ. ಸೈಕಲ್ ಪಂಪಿನೊಳಗಿನ ಗಾಳಿ ಹಾಗೆ ಇಡೀ ಕಾರಿನ ಗಾಳಿ ಒಟ್ಟಿಗೆ ಒತ್ತಿಸಿಕೊಳ್ಳುತ್ತೆ. ಆದ್ದರಿಂದ ಹರ್ಟ್ಸ್ ಕೆಳಗಿಳಿದಷ್ಟೂ ಕಾರೇ ಬೇಸನ್ನು ಹೆಚ್ಚಿಸಿಕೊಡುತ್ತೆ. ಇದಕ್ಕೆ ಕ್ಯಾಬಿನ್ ಗೇನ್ ಅನ್ನುತ್ತಾರೆ. ಪುಸ್ತಕದ ಲೆಕ್ಕದಲ್ಲಿ ಹರ್ಟ್ಸ್ ಅರ್ಧಕ್ಕಿಳಿದಾಗಲೆಲ್ಲ 12 ಡೆಸಿಬೆಲ್. ನಿಜದ ಕಾರಿನಲ್ಲಿ ಸಂದುಗೊಂದಿಯಿಂದ ಸೋರಿ, ತಗಡು ಅಲ್ಲಾಡಿ ಅದಕ್ಕಿಂತ ಕಡಿಮೆ ಸಿಗುತ್ತೆ, ಆದರೂ ಒಳ್ಳೇ ಪಾಲೇ ಸಿಗುತ್ತೆ.

ಈಗ ಸೀಲ್ಡ್ ಬಾಕ್ಸ್ ನೋಡಿ. ಅದರ ಬೇಸ್ ತನ್ನ ಮಿತಿಯ ಕೆಳಗೆ ಇಳಿಯುವುದೂ ಹರ್ಟ್ಸ್ ಅರ್ಧವಾದಾಗಲೆಲ್ಲ 12 ಡೆಸಿಬೆಲ್ ಲೆಕ್ಕದಲ್ಲೇ. ಬಾಕ್ಸ್ ಕಳೆದುಕೊಂಡಿದ್ದನ್ನು ಕಾರು ತುಂಬಿಕೊಡುತ್ತೆ! ಪೋರ್ಟೆಡ್ ಬಾಕ್ಸ್ ತನ್ನ ಟ್ಯೂನಿಂಗ್‌ನ ಕೆಳಗೆ 24 ಡೆಸಿಬೆಲ್ ಲೆಕ್ಕದಲ್ಲಿ ಜಾರುತ್ತೆ, ಮೇಲಿನ ಕಡೆ ಮಾತ್ರ ತಾನೂ ಹೆಚ್ಚಿಸಿ, ಕಾರೂ ಹೆಚ್ಚಿಸಿ, 40–50 ಹರ್ಟ್ಸ್‌ನಲ್ಲಿ ಒಂದು ಗುಡ್ಡ ಎದ್ದುಬಿಡುತ್ತೆ. ಯಾವ ಹಾಡು ಹಾಕಿದರೂ ಅದೇ ಒಂದು ‘ಗುಂ’ ಕೇಳಿಸುವುದು ಇದಕ್ಕೇ. ನನ್ನ ಹಳೇ ಬಾಕ್ಸಿನಲ್ಲಿ ಡೊಳ್ಳಿನ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಬಂದು ಎಲ್ಲಾ ಕಲಸುಮೇಲೋಗರ. ಈಗಿನ ಸೀಲ್ಡ್‌ನಲ್ಲಿ ಕೋಲು ಚರ್ಮಕ್ಕೆ ಬಿದ್ದದ್ದು, ಆಮೇಲೆ ಬರುವ ದಪ್ಪ ನಾದ, ಅದು ನಿಂತದ್ದು ಮೂರೂ ಬೇರೆಬೇರೆಯಾಗಿ ಕೇಳುತ್ತೆ. ಶಬ್ದ ಒಟ್ಟಾರೆ ಕಡಿಮೆಯೇ, ಸುಳ್ಳು ಹೇಳಲ್ಲ.

ಪೋರ್ಟೆಡ್‌ನ ಎಲ್ಲಾ ತಪ್ಪನ್ನೂ ಅದರ ತಲೆಗೇ ಕಟ್ಟುವುದೂ ಸರಿಯಲ್ಲ. ರೆಡಿ ಬಾಕ್ಸಿನಲ್ಲಿ ಪೋರ್ಟ್ ಅಳತೆ ಯಾವ ಊಫರ್‌ಗೆ ಹಾಕಿದ್ದು ಅಂತ ಯಾರಿಗೂ ಗೊತ್ತಿರಲ್ಲ. ಸರಿಯಾಗಿ ಕಟ್ಟಿ 32–34 ಹರ್ಟ್ಸ್‌ಗೆ ಟ್ಯೂನ್ ಮಾಡಿದರೆ ಗುಡ್ಡ ಎಷ್ಟೋ ಇಳಿಯುತ್ತೆ. ಉದಾಹರಣೆಗೆ 57 ಲೀಟರ್ ಬಾಕ್ಸಿಗೆ ಒಳವ್ಯಾಸ 10 ಸೆಂಟಿಮೀಟರ್ ಇರುವ ಒಂದು ಪಿವಿಸಿ ಪೈಪ್ ಹಾಕಿ 34 ಹರ್ಟ್ಸ್ ಬೇಕು ಅಂದರೆ ಪೈಪ್ ಉದ್ದ ಸುಮಾರು 28 ಸೆಂಟಿಮೀಟರ್. ಪೈಪಿನ ಒಳತುದಿ ಹಲಗೆಗೆ ತಾಗುವಷ್ಟು ಹತ್ತಿರ ಹೋಗಬಾರದು, ಕನಿಷ್ಠ ಪೈಪಿನ ವ್ಯಾಸದಷ್ಟಾದರೂ ಜಾಗ ಬಿಡಿ. ಆಂಪ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ (ತೀರಾ ತಗ್ಗಿನ ಶಬ್ದ ತಡೆಯುವುದು) ಇರಲೇಬೇಕು. ಟ್ಯೂನಿಂಗ್‌ಗಿಂತ ಕೆಳಗೆ ಕೋನ್‌ಗೆ ಗಾಳಿಯ ಹಿಡಿತವೇ ಇರಲ್ಲ, ಅಂಕೆ ಮೀರಿ ಒದ್ದಾಡಿ ಹಾಳಾಗುತ್ತೆ.

ಇನ್ನೊಂದು ವಿಷಯ. ಊಫರ್ ತಾನೇ ಹೇಳುತ್ತೆ ತನಗೆ ಯಾವ ಬಾಕ್ಸ್ ಬೇಕು ಅಂತ. ಅದರ ಜೊತೆ ಬರುವ ಹಾಳೆಯಲ್ಲಿ ಎಫ್‌ಎಸ್ (Fs), ಕ್ಯೂಇಎಸ್ (Qes), ಕ್ಯೂಟಿಎಸ್ (Qts), ವಿಎಎಸ್ (Vas) ಅಂತ ಊಫರ್‌ನ ಸ್ವಭಾವ ಹೇಳುವ ಅಂಕಿಗಳಿರುತ್ತವೆ. ಇವಕ್ಕೆ ಥೀಲ್–ಸ್ಮಾಲ್ ಪ್ಯಾರಾಮೀಟರ್ ಅಂತ ಹೆಸರು. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಶುರುಮಾಡಿದ ಲೆಕ್ಕ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದ್ದು. ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ. 50ರ ಆಸುಪಾಸು ಅಥವಾ ಕಡಿಮೆ ಬಂದರೆ ಸೀಲ್ಡ್‌ಗೆ ಒಗ್ಗುವ ಊಫರ್, 90–100 ದಾಟಿದರೆ ಪೋರ್ಟೆಡ್. ಮಧ್ಯೆ ಬಂದರೆ ಎರಡೂ ನಡೆಯುತ್ತೆ. ಈ ಹಾಳೆಯೇ ಇಲ್ಲದ, ಡಬ್ಬದ ಮೇಲೆ ‘2000 ವಾಟ್ಸ್’ ಅಂತ ದಪ್ಪಕ್ಷರದಲ್ಲಿ ಮಾತ್ರ ಬರೆದಿರುವ ಊಫರ್ ಮುಟ್ಟಬೇಡಿ. ನೋಡಬೇಕಾದ ವಾಟ್ಸ್ ಆರ್‌ಎಂಎಸ್ (ಸತತವಾಗಿ ತಾಳುವ ವಾಟ್ಸ್) ಮಾತ್ರ.

ಫೈಬರ್‌ಗ್ಲಾಸ್ ಮೂಲೆ ಬಾಕ್ಸ್

ಡಿಕ್ಕಿಯ ಪಕ್ಕದಲ್ಲಿ, ಹಿಂದಿನ ಚಕ್ರದ ಉಬ್ಬಿನ ಆಚೆ ಒಂದು ಗುಳಿ ಇರುತ್ತೆ. ಅದೇ ಆಕಾರಕ್ಕೆ ಫೈಬರ್‌ಗ್ಲಾಸ್ ಅಚ್ಚು ತೆಗೆದು ಬಾಕ್ಸ್ ಮಾಡಿದರೆ ಡಿಕ್ಕಿಯ ನೆಲ ಪೂರ್ತಿ ಉಳಿಯುತ್ತೆ. ನೋಡಲಿಕ್ಕೆ ಇದರಷ್ಟು ಚೆಂದದ್ದು ಇಲ್ಲ. ಕೆಲಸ ಮಾತ್ರ ಹಿಂಸೆ. ಕಾರಿಗೆ ಟೇಪ್, ಫಾಯಿಲ್ ಸುತ್ತಿ, ರಾಳ ಹಚ್ಚಿ, ಫೈಬರ್‌ಗ್ಲಾಸ್ ಚಾಪೆ ಹಾಸಿ, ಮತ್ತೆ ರಾಳ, ಮತ್ತೆ ಚಾಪೆ. ಗೋಡೆ 6–8 ಮಿಲಿಮೀಟರ್ ದಪ್ಪ ಆಗುವ ತನಕ. ಆ ವಾಸನೆಗೆ ಸರಿಯಾದ ಮಾಸ್ಕ್ ಇಲ್ಲದೆ ಕೂರುವ ಹಾಗಿಲ್ಲ, ಉಜ್ಜುವಾಗ ಮೈಯೆಲ್ಲ ತುರಿಕೆ. ವಕ್ರ ಆಕಾರದ ಲೀಟರ್ ಅಳೆಯುವುದು ಹೇಗೆ ಅಂತ ಕೇಳಿದ್ದಕ್ಕೆ ಇದನ್ನು ಮಾಡಿದ ಗೆಳೆಯ ಹೇಳಿದ ಉಪಾಯ ಮಾತ್ರ ಬಹಳ ಹಿಡಿಸಿತು. ಊಫರ್ ತೂತಿನಿಂದ ಮಂಡಕ್ಕಿ ತುಂಬಿ, ಆಮೇಲೆ ಅದನ್ನು ಅಳತೆಯ ಬಕೆಟ್ಟಿಗೆ ಸುರಿದು ಲೆಕ್ಕ ಹಾಕುವುದು. ಅವನ ಬಾಕ್ಸ್ 19 ಲೀಟರ್ ಬಂತು. ಆ ಮಂಡಕ್ಕಿ ಏನು ಮಾಡಿದ ಅಂತ ಕೇಳಬೇಡಿ. ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಮಾತ್ರ ಇದು. ಬೇರೆ ಕಾರು ತಗೊಂಡರೆ ಈ ಬಾಕ್ಸ್ ಅದಕ್ಕೆ ಕೂರಲ್ಲ.

ನಾನು ಕಟ್ಟಿದ್ದು

ನನ್ನ ಊಫರ್‌ನ ವಿಎಎಸ್ 40 ಲೀಟರ್, ಕ್ಯೂಟಿಎಸ್ 0.45. ಸೀಲ್ಡ್ ಬಾಕ್ಸಿನಲ್ಲಿ ಸಮತಟ್ಟಾದ ಬೇಸ್‌ಗೆ ಊಫರ್, ಬಾಕ್ಸ್ ಸೇರಿದ ಕ್ಯೂ ಅಂಕಿಯ ಗುರಿ 0.707. 0.707 ಅನ್ನು 0.45ರಿಂದ ಭಾಗಿಸಿದರೆ 1.57. ಅದರ ವರ್ಗ 2.47. ಅದರಲ್ಲಿ 1 ಕಳೆದರೆ 1.47. 40 ಅನ್ನು ಅದರಿಂದ ಭಾಗಿಸಿದರೆ 27 ಲೀಟರ್ ಚಿಲ್ಲರೆ. ಇಷ್ಟೇ. ಲೆಕ್ಕ ಬೇಡ ಅನ್ನುವವರಿಗೆ ವಿನ್‌ಐಎಸ್‌ಡಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಊಫರ್‌ನ ಹಿಂಭಾಗ ತಿನ್ನುವ ಜಾಗಕ್ಕೆ 2–3 ಲೀಟರ್ ಸೇರಿಸಿ 30 ಅಂತ ಇಟ್ಟುಕೊಂಡೆ.

ಹೊರಗಿನ ಅಳತೆ 46 ಅಗಲ, 33 ಎತ್ತರ, 30 ಆಳ, ಎಲ್ಲಾ ಸೆಂಟಿಮೀಟರ್. 18 ಮಿಲಿಮೀಟರ್ ಹಲಗೆ, ಊಫರ್ ಕೂರುವ ಮುಖಕ್ಕೆ ಮಾತ್ರ ಎರಡು ಪದರ. ಒಳಗೆ 42.4 × 29.4 × 24.6, ಅಂದರೆ 30.7 ಲೀಟರ್. ಸೀಟಿನ ಬೆನ್ನು ವಾಲಿರುತ್ತಲ್ಲ, ಅದಕ್ಕೆ ಹೊಂದಿಕೊಳ್ಳಲು ಮೇಲೆ 24, ತಳದಲ್ಲಿ 36 ಮಾಡಿಸಿದೆ. ಸರಾಸರಿ 30ಕ್ಕೇ ಬರುತ್ತೆ. 8×4 ಅಡಿಯ ಹಾಳೆಯಲ್ಲಿ ಮೂರನೇ ಒಂದು ಭಾಗವೂ ಬೇಡ. ಬಡಗಿ ಹತ್ರ ತುಂಡು ಮಿಕ್ಕಿದ್ದರೆ ಕೇಳಿ ನೋಡಿ.

ಹಲಗೆ ಯಾವುದು? ಎಂಡಿಎಫ್ ಅಗ್ಗ, ಎಲ್ಲಾ ಕಡೆ ಒಂದೇ ಸಮ, ಕೊಯ್ದರೆ ಅಂಚು ಚೆಂದ, ಶಬ್ದಕ್ಕೂ ಒಳ್ಳೇದು. ಬೆಂಗಳೂರಿನಲ್ಲೇ ಇರುವ ಕಾರಿಗೆ ಸಾಕು. ಕರಾವಳಿ, ಮಲೆನಾಡು ಓಡಾಡುವವರು ಮರೈನ್ ಪ್ಲೈ ತಗೊಳ್ಳಿ, ಐಎಸ್ 710 ಅಂತ ಮುದ್ರೆ ಇರುತ್ತೆ. ಬೆಲೆ ಜಾಸ್ತಿ, ಆದರೆ ಸ್ಕ್ರೂ ಹಿಡಿತ ಗಟ್ಟಿ, ತೂಕ ಸ್ವಲ್ಪ ಕಡಿಮೆ, ನೀರಿಗೆ ಹೆದರಲ್ಲ. ನನ್ನ ಬಿಸ್ಕತ್ತಿನ ಕಥೆ ಆಗಲೇ ಹೇಳಿದ್ದೇನೆ.

ಮೂಲೆಗಳಿಗೆ ಫೆವಿಕಾಲ್ ಧಾರಾಳವಾಗಿ, ಸ್ಕ್ರೂಗೆ ಮೊದಲೇ ಸಣ್ಣ ತೂತು. ಒಳಗಿನ ಸಂದುಗಳಿಗೆ ಸಿಲಿಕಾನ್. ಸಿಲಿಕಾನ್ ಹಚ್ಚಿದ ಮೇಲೆ ಎರಡು ದಿನ ಸುಮ್ನೆ ಬಿಡಿ. ವಿನೆಗರ್ ವಾಸನೆ ಬರುತ್ತಿರುವಾಗಲೇ ಊಫರ್ ಕೂರಿಸಿದರೆ ಆ ಆವಿ ಊಫರ್‌ನ ಅಂಟಿಗೆ ಒಳ್ಳೇದಲ್ಲ. ದಿಂಬಿಗೆ ತುಂಬುವ ಫೈಬರ್ ಸ್ವಲ್ಪ ಒಳಗಿಟ್ಟರೆ ಬಾಕ್ಸ್ ಇರುವುದಕ್ಕಿಂತ ಕೊಂಚ ದೊಡ್ಡದರ ಹಾಗೆ ವರ್ತಿಸುತ್ತೆ. ಕೊನೆಗೆ ಸೋರಿಕೆ ಪರೀಕ್ಷೆ: ಕೋನ್ ಅನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ವಾಪಸ್ ಬಂದರೆ ಸರಿ. ಟಕ್ ಅಂತ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ಕಾರಿಗೆ ಕೂರಿಸುವಾಗ

ಬಾಕ್ಸ್, ಊಫರ್ ಸೇರಿ 15–16 ಕೆಜಿ. ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿಗೂ ಮಕ್ಕಳು ಕೂರುವ ಸೀಟಿಗೂ ಮಧ್ಯೆ ಸೀಟಿನ ಬೆನ್ನೊಂದೇ ಅಡ್ಡ. ಜೋರಾಗಿ ಗುದ್ದಿದರೆ ಇದು ಬಂಡೆ ಹಾಗೆ ಮುಂದೆ ಬರುತ್ತೆ. ಎಲ್ ಆಕಾರದ ಕ್ಲ್ಯಾಂಪ್ ಹಾಕಿ ತಗಡಿಗೆ ಬೋಲ್ಟ್ ಮಾಡಿ, ಇಲ್ಲಾಂದ್ರೆ ಗಟ್ಟಿ ಬೆಲ್ಟಿನಿಂದ ಲೋಹದ ಕೊಕ್ಕೆಗಳಿಗೆ ಬಿಗಿಯಿರಿ. ತೂತು ಹೊಡೆಯುವ ಮೊದಲು ಕಾರಿನ ಅಡಿಗೆ ಬಗ್ಗಿ ನೋಡಿ, ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇರುತ್ತೆ. ಮಗುವಿನ ಸೀಟ್ ಹಾಕುವವರು ಅದರ ಮೇಲಿನ ಪಟ್ಟಿ ಸಿಕ್ಕಿಸುವ ಕೊಕ್ಕೆ ಬಾಕ್ಸಿನ ಹಿಂದೆ ಮರೆಯಾಗದ ಹಾಗೆ ನೋಡಿಕೊಳ್ಳಿ. ನಾನು ಬೆಲ್ಟ್ ಆರಿಸಿಕೊಂಡೆ, ಜೊತೆಗೆ ವೈರಿಗೆ ಕೈಯಲ್ಲೇ ಬಿಚ್ಚುವ ಕನೆಕ್ಟರ್. ಎರಡು ನಿಮಿಷದಲ್ಲಿ ಬಾಕ್ಸ್ ಕೆಳಗಿಳಿಯುತ್ತೆ.

ಊಫರ್ ಮುಖ ಹಿಂದಿನ ಬಾಗಿಲ ಕಡೆ ಇರಲಿ. ಬಹುತೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಾಗೇ ಚೆನ್ನಾಗಿ ಕೇಳುತ್ತೆ. ಬೋಲ್ಟ್ ಮಾಡುವ ಮೊದಲು ಬಾಕ್ಸ್ ತಿರುಗಿಸಿ, ಬಾಗಿಲು ಮುಚ್ಚಿ, ಡ್ರೈವರ್ ಸೀಟಿನಲ್ಲಿ ಕೂತು ಕೇಳಿ. ಡಿಕ್ಕಿ ತೆರೆದು ಹೊರಗೆ ನಿಂತು ಕೇಳುವುದು ಅಂಗಡಿಯವರ ಆಟ.

ಆಂಪ್‌ಗೆ ಬ್ಯಾಟರಿಯಿಂದ ನೇರ ವೈರ್. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು, ಆಂಪ್ ಹತ್ರ ಇರುವ ಫ್ಯೂಸ್ ಇದಕ್ಕೆ ಬದಲಿಯಲ್ಲ. ಆ ಫ್ಯೂಸ್ ವೈರನ್ನು ಬೆಂಕಿಯಿಂದ ಕಾಯುವುದಕ್ಕೆ. 300 ವಾಟ್ಸ್ ಆರ್‌ಎಂಎಸ್‌ನ ಕ್ಲಾಸ್ ಡಿ (ಕರೆಂಟ್ ಕಡಿಮೆ ತಿನ್ನುವ ಬಗೆ) ಆಂಪ್ ಪೂರ್ತಿ ಕೆಲಸ ಮಾಡುವಾಗ 27 ಆಂಪಿಯರ್ ಎಳೆಯುತ್ತೆ, 500 ವಾಟ್ಸ್‌ನದ್ದು 45. ಮೊದಲನೆಯದಕ್ಕೆ 8 ಗೇಜ್ ತಾಮ್ರದ ವೈರ್, ಎರಡನೆಯದಕ್ಕೆ 4 ಗೇಜ್. ಅಂಗಡಿಯ ಅಗ್ಗದ ಕಿಟ್‌ನಲ್ಲಿ ಬರುವುದು ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬ್ಲೇಡಿನಿಂದ ಎಳೆಯೊಂದನ್ನು ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ. ಅದನ್ನೇ ಹಾಕುವುದಾದರೆ ಒಂದು ಅಳತೆ ದಪ್ಪದ್ದು ತಗೊಳ್ಳಿ.

ಅರ್ತ್ ವೈರ್ ಚಿಕ್ಕದಾಗಿರಲಿ, ಪೇಂಟ್ ಕೆರೆದು ಬರೀ ಲೋಹಕ್ಕೆ ಬಿಗಿಯಿರಿ. ಸೀಟ್ ಬೆಲ್ಟ್ ಬೋಲ್ಟಿಗೆ ಯಾವ ಕಾರಣಕ್ಕೂ ಬೇಡ. ನನ್ನ ಮೊದಲ ಫಿಟ್ಟಿಂಗ್‌ನಲ್ಲಿ ಪೇಂಟ್ ಮೇಲೇ ಸ್ಕ್ರೂ ಹೊಡೆದಿದ್ದರು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸೊಳ್ಳೆ ಹಾಗೆ ಕುಂಯ್ ಅಂತ ಸ್ಪೀಕರ್‌ನಲ್ಲಿ. ಪವರ್ ವೈರ್ ಒಂದು ಪಕ್ಕದಿಂದ, ಆಡಿಯೊ ವೈರ್ ಇನ್ನೊಂದು ಪಕ್ಕದಿಂದ ತಂದು, ಅರ್ತ್ ಸರಿಮಾಡಿದ ಮೇಲೆ ನಿಂತಿತು. ಕಂಪನಿ ಸ್ಟೀರಿಯೊ ಹಾಗೇ ಇಟ್ಟುಕೊಳ್ಳುವವರು ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತಗೊಳ್ಳುವ ಆಂಪ್ ನೋಡಿ, ಕಾರಿನ ಮೂಲ ವೈರ್ ಕತ್ತರಿಸದೆ ಕಪ್ಲರ್ (ಸಿಕ್ಕಿಸುವ ಜೋಡಣೆ) ಹಾಕಿಸಿ. ವೈರ್ ಕತ್ತರಿಸಿದರೆ ಆಮೇಲೆ ಸರ್ವಿಸ್ ಸೆಂಟರ್‌ನಲ್ಲಿ ವಾರಂಟಿ ತಕರಾರು ಶುರುವಾಗುತ್ತೆ.

ಆಂಪ್‌ನ ಲೋ ಪಾಸ್ (ಇದಕ್ಕಿಂತ ಮೇಲಿನ ಶಬ್ದ ಸಬ್‌ಗೆ ಹೋಗದ ಹಾಗೆ ತಡೆಯುವುದು) 80 ಹರ್ಟ್ಸ್‌ಗೆ ಇಡಿ. ಗೇನ್ ತಿರುಗಣಿ ವಾಲ್ಯೂಮ್ ಅಲ್ಲ. ಸ್ಟೀರಿಯೊ ಮುಕ್ಕಾಲು ವಾಲ್ಯೂಮ್‌ನಲ್ಲಿಟ್ಟು, ಶಬ್ದ ಒಡೆಯುವ ತನಕ ಗೇನ್ ಏರಿಸಿ, ಅಲ್ಲಿಂದ ಸ್ವಲ್ಪ ಕೆಳಗಿಳಿಸಿ ಬಿಟ್ಟುಬಿಡಿ.

ಇಷ್ಟೆಲ್ಲ ಆದ ಮೇಲೂ ಮೊದಲ ದಿನ ಹಿಂದಿನಿಂದ ಗಲಗಲ ಶಬ್ದ ಬರುತ್ತೆ. ಊಫರ್ ಹಾಳಾಗಿದೆ ಅಂತ ಗಾಬರಿಯಾಗಬೇಡಿ. ಪಾರ್ಸೆಲ್ ಟ್ರೇ ಒಂದು ಕೈಯಲ್ಲಿ ಒತ್ತಿ ಹಿಡಿದು ನೋಡಿ, ಆಮೇಲೆ ಹಿಂದಿನ ಬಾಗಿಲ ಒಳಗಿನ ಪ್ಲಾಸ್ಟಿಕ್ ಹೊದಿಕೆ. ನಮ್ಮ ಕಾರಿನಲ್ಲಿ ಅವೆರಡೂ ಅಲ್ಲ, ನಂಬರ್ ಪ್ಲೇಟ್. ಹಳೇ ರಬ್ಬರ್ ಚಪ್ಪಲಿ ಕತ್ತರಿಸಿ ಅದರ ಹಿಂದೆ ಎರಡು ತುಂಡು ಅಂಟಿಸಿದೆ, ನಿಂತುಹೋಯ್ತು. ಈ ಸಲ ಶಿರಸಿಯಿಂದ ಬರುವಾಗ ತೆಂಗಿನಕಾಯಿ ಚೀಲ ಬಾಕ್ಸಿನ ಪಕ್ಕದಲ್ಲೇ ಕೂತಿತ್ತು, ಬಾಳೆಗೊನೆ ಮಾತ್ರ ಹೆಂಡತಿಯ ಕಾಲ ಹತ್ರ.